ಹೇಸರಗತ್ತೆ ಹುಟ್ಟಿದರೂ ಕುದುರೆ, ಕತ್ತೆ ಬೇರೆ ಯಾಕೆ?

ಪ್ರಶ್ನೆ: ಕತ್ತೆಗೂ ಕುದುರೆಗೂ ಹೇಸರಗತ್ತೆ ಹುಟ್ಟುತ್ತದೆ. ಆದರೂ ಅವೆರಡು ಬೇರೆ ಪ್ರಭೇದಗಳಂತೆ. ಪುಟ್ಟ ಚಿಹುವಾಹುವಾ ಮತ್ತು ಕರುವಿನಷ್ಟು ಎತ್ತರದ ಗ್ರೇಟ್ ಡೇನ್ ನಾಯಿ ಮಾತ್ರ ಒಂದೇ ಪ್ರಭೇದವಂತೆ. ಇದನ್ನು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ಮರಿ ಹುಟ್ಟಿದರೆ ಸಾಲದು. ಆ ಮರಿಗೂ ಮರಿ ಹುಟ್ಟುತ್ತದೆಯೇ ಅಂತ ನೋಡಬೇಕು.

ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆಗಳೇ ಕ್ರೋಮೋಸೋಮ್. ಕುದುರೆಗೆ ಅವು 64, ಕತ್ತೆಗೆ 62. ಹೇಸರಗತ್ತೆಗೆ ಬರುವುದು 63. ಅಂಡಾಣು, ವೀರ್ಯಾಣು ತಯಾರಾಗುವಾಗ ಕ್ರೋಮೋಸೋಮ್‌ಗಳು ಜೋಡಿಯಾಗಿ ನಿಲ್ಲಬೇಕು. ಇಲ್ಲಿ ಜೋಡಿ ಸರಿಯಾಗಿ ಕೂಡುವುದೇ ಇಲ್ಲ. ಹಾಗಾಗಿ ಹೇಸರಗತ್ತೆ ತೀರಾ ಅಪರೂಪಕ್ಕೆ ಬಿಟ್ಟರೆ ಬಂಜೆಯೇ. ನಾಯಿಗಳ ಕಥೆ ಬೇರೆ. ಗಾತ್ರ ಎಷ್ಟೇ ಬದಲಾದರೂ ಎಲ್ಲಕ್ಕೂ 78 ಕ್ರೋಮೋಸೋಮ್. ಚಿಹುವಾಹುವಾ ಮತ್ತು ಗ್ರೇಟ್ ಡೇನ್ ನೇರವಾಗಿ ಕೂಡುವುದು ಕಷ್ಟ, ನಿಜ. ಆದರೆ ನಡುವಿನ ಗಾತ್ರದ ತಳಿಗಳ ಮೂಲಕ ಒಂದರ ಜೀನ್ ಇನ್ನೊಂದರ ವಂಶಕ್ಕೆ ಸಲೀಸಾಗಿ ತಲುಪುತ್ತದೆ. ಅವೆಲ್ಲ ಮನುಷ್ಯ ಆರಿಸಿ ಬೆಳೆಸಿದ ತಳಿಗಳು, ಅಷ್ಟೇ.

ತಮ್ಮತಮ್ಮಲ್ಲೇ ಕೂಡಿ ಸಂತಾನ ಬೆಳೆಸುವ, ಬೇರೆ ಗುಂಪಿನೊಂದಿಗೆ ಬೆರೆಯದ ಗುಂಪೇ ಪ್ರಭೇದ. 1942ರಲ್ಲಿ ಜೀವವಿಜ್ಞಾನಿ ಅರ್ನ್‌ಸ್ಟ್ ಮೇಯರ್ ಈ ಅರ್ಥವನ್ನು ಗಟ್ಟಿಯಾಗಿ ಮುಂದಿಟ್ಟರು. ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಇದೇ. ಆದರೆ ಎಲ್ಲ ಜೀವಿಗಳಿಗೂ ಇದು ಒಗ್ಗುವುದಿಲ್ಲ. ಬ್ಯಾಕ್ಟೀರಿಯಾ ಕೂಡುವುದಿಲ್ಲ, ಒಡೆದು ಎರಡಾಗುತ್ತದೆ. ಅಲ್ಲಿ ಡಿಎನ್‌ಎ ಸುಮಾರು ಶೇ 95ರಷ್ಟು ಹೊಂದಿದರೆ ಒಂದೇ ಪ್ರಭೇದ ಎಂದು ಎಣಿಸುವ ರೂಢಿಯಿದೆ. ಪಳೆಯುಳಿಕೆಯಲ್ಲಿ ಸಿಗುವುದು ಹೆಚ್ಚಾಗಿ ಮೂಳೆ, ಹಲ್ಲು. ಆಕಾರ ನೋಡಿಯೇ ಹೇಳಬೇಕು.

ಆದರೆ ಆಕಾರ ಮೋಸ ಮಾಡುತ್ತದೆ. ಯುರೋಪಿನ ಪಿಪಿಸ್ಟ್ರೆಲ್ ಎಂಬ ಪುಟ್ಟ ಬಾವಲಿಯನ್ನು ಬಹಳ ಕಾಲ ಒಂದೇ ಪ್ರಭೇದ ಅಂದುಕೊಂಡಿದ್ದರು. ಕೂಗಿನ ಸ್ವರದ ಎತ್ತರ ಅಳೆದಾಗ ಕೆಲವು ಸುಮಾರು 45 ಕಿಲೋಹರ್ಟ್ಜ್‌ನಲ್ಲಿ, ಕೆಲವು 55ರಲ್ಲಿ ಕೂಗುತ್ತಿದ್ದವು. ಡಿಎನ್‌ಎ ನೋಡಿದರೆ ಎರಡು ಪ್ರಭೇದ! ನಮ್ಮ ಕಣ್ಣಿಗೆ ಒಂದೇ, ಅವುಗಳಿಗೆ ಬೇರೆ ಬೇರೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಹಸಿರು ಉಲಿಯಕ್ಕಿ ಎಂಬ ಪುಟ್ಟ ಹಾಡುಹಕ್ಕಿಯದು. ಟಿಬೆಟ್ ಪ್ರಸ್ಥಭೂಮಿಯ ಸುತ್ತ ಬಳೆಯ ಹಾಗೆ ಇವು ಹರಡಿವೆ. ದಕ್ಷಿಣದಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಸಾಗುತ್ತ ಅವುಗಳ ಹಾಡು ಮೆಲ್ಲಮೆಲ್ಲಗೆ ಬದಲಾಗುತ್ತದೆ. ಸೈಬೀರಿಯಾದಲ್ಲಿ ಎರಡು ತುದಿ ಮತ್ತೆ ಸೇರುವಾಗ, ಅಲ್ಲಿನ ಹಕ್ಕಿಗಳು ಒಂದರ ಹಾಡಿಗೆ ಇನ್ನೊಂದು ಕಿವಿಗೊಡುವುದಿಲ್ಲ. ಗೆರೆ ಎಲ್ಲಿ ಎಳೀತೀರಿ? ಒಂದು ಪ್ರಭೇದ ಎರಡಾಗಲು ಸಾಮಾನ್ಯವಾಗಿ ಸಾವಿರಾರು, ಲಕ್ಷಾಂತರ ವರ್ಷ ಬೇಕು. ನಾವು ನೋಡುವಾಗ ಕೆಲವು ಇನ್ನೂ ನಡುದಾರಿಯಲ್ಲಿರುತ್ತವೆ, ಅಲ್ವಾ?

ಇದು ಸುಮ್ನೆ ಹೆಸರಿಡುವ ಜಗಳ ಅಲ್ಲ. ಆಫ್ರಿಕಾದ ಆನೆಗಳನ್ನು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಮೊದಲು ಒಂದೇ ಪ್ರಭೇದವಾಗಿ ಲೆಕ್ಕ ಹಾಕುತ್ತಿದ್ದರು. 2021ರಲ್ಲಿ ಹುಲ್ಲುಗಾವಲಿನ ಆನೆ, ದಟ್ಟ ಕಾಡಿನ ಆನೆ ಎಂದು ಬೇರ್ಪಡಿಸಿ ಎಣಿಸಿದರು. ಆಗ ಕಂಡದ್ದೇನು? ಗಾತ್ರದಲ್ಲಿ ಚಿಕ್ಕದಾದ, ನೇರ ದಂತದ ದಟ್ಟ ಕಾಡಿನ ಆನೆಗಳ ಸಂಖ್ಯೆ 31 ವರ್ಷಗಳಲ್ಲಿ ಶೇ 86ಕ್ಕಿಂತ ಜಾಸ್ತಿ ಕುಸಿದಿತ್ತು.