ಮನೆ ಮಾತು – ಓದುಗರ ಪ್ರಶ್ನೆಗೆ ಉತ್ತರ: ಡೆಕ್ಕಿಗೂ ಪೊರಕೆ ಬೇಕು ಸ್ವಾಮಿ

ಹೋದ ಸಂಚಿಕೆಲಿ ತಾರಸಿ ತೋಟದ ಬಗ್ಗೆ ಬರೀತಾ ಡಬ್ಲ್ಯೂಪಿಸಿ ಡೆಕ್ ಅಂತ ಒಂದೇ ಒಂದು ಸಾಲು ಹಾಕಿದ್ದೆ, ಅಷ್ಟಕ್ಕೇ ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧ ಅದರದ್ದೇ. ಗೊತ್ತಿಲ್ಲದವರಿಗೆ: ಮರದ ಹುಡಿ ಮತ್ತೆ ಪ್ಲಾಸ್ಟಿಕ್ ಸೇರಿಸಿ ಕರಗಿಸಿ ಹಲಗೆ ಥರ ಎಳೆದಿರ್ತಾರಲ್ಲ, ಅದೇ ಇದು; ಆ ಹಲಗೆ ಫ್ರೇಮಿನ ಮೇಲೆ ಜೋಡಿಸಿ ಮಾಡೋ ನೆಲಾನೇ ಡೆಕ್ಕು. ಹೋಮ್‌ಸ್ಟೇ, ಟೆರೇಸು, ಬಾಲ್ಕನಿ ಎಲ್ಲಾ ಕಡೆ ಈಗ ಇದೇ. ಡೆಕ್ ಕೆಲಸ ಮಾಡಿಸಿ ಬೈಸ್ಕೊಂಡು ಕಲಿತವನು ನಾನು, ಹಾಗಾಗಿ ಸ್ವಲ್ಪ ಉದ್ದ ಆದ್ರೆ ಸಹಿಸ್ಕೊಳಿ.

ಪ್ರಶ್ನೆ: ನಮಸ್ಕಾರ ಸರ್. ಎರಡೂವರೆ ವರ್ಷದ ಹಿಂದೆ ಟೆರೇಸ್ ಗಾರ್ಡನ್‌ಗೆ ಡೆಕ್ ಹಾಕಿಸಿದ್ವಿ. ಹಾಕಿದವನು "ಮೇಡಂ ಇದಕ್ಕೆ ಮೇಂಟೆನೆನ್ಸೇ ಇಲ್ಲ, ಲೈಫ್‌ಲಾಂಗ್" ಅಂದಿದ್ದ. ಈಗ ನೋಡಿದ್ರೆ ಮೇಲೆಲ್ಲಾ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಬೋರ್ಡೇ ಕೊಳೀತಿದ್ಯಾ? ಪಕ್ಕದ್ಮನೆಯವರು ಬಾತ್‌ರೂಮ್ ಆಸಿಡ್ ಹಾಕಿ ಉಜ್ಜಿ ಅಂತಿದಾರೆ.
– ಗೃಹಿಣಿ, ರಾಜರಾಜೇಶ್ವರಿ ನಗರ, ಬೆಂಗಳೂರು

ಮೊದಲು ಆ ಆಸಿಡ್ ಬಾಟ್ಲಿ ಬಚ್ಚಲಿಗೇ ವಾಪಸ್ ಇಡಿ ಮೇಡಂ. ಬೋರ್ಡಿಗಿಂತ ಮುಂಚೆ ಅದು ಕೆಳಗಿರೋ ಕ್ಲಿಪ್ಪು, ಸ್ಕ್ರೂ, ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಫ್ರೇಮು ಇವನ್ನ ತಿನ್ನತ್ತೆ, ಮೇಲಿಂದ ನಿಮಗೆ ಕಾಣೋದೂ ಇಲ್ಲ.

ಬೋರ್ಡ್ ಕೊಳೀತಾ ಇಲ್ಲ, ಅದು ಬೂಷ್ಟು. ಬೂಷ್ಟಿಗೆ ಪ್ಲಾಸ್ಟಿಕ್ ಬೇಡ, ಅದಕ್ಕೆ ಬೇಕಾಗಿರೋದು ಮೇಲೆ ಕೂತಿರೋ ಧೂಳು, ಹೂವಿನ ಪರಾಗ, ಕೊಳೆತ ಎಲೆ, ಜೊತೆಗೆ ಒಂಚೂರು ತೇವ. ಬೆಂಗಳೂರಲ್ಲಿ ಜನವರಿ-ಫೆಬ್ರವರಿಗೆ ಪಿಂಕ್ ಟಬೆಬುಯಾ ಉದುರತ್ತೆ, ಯುಗಾದಿ ಕಳೀತಿದ್ದ ಹಾಗೆ ಹೊಂಗೆ ಹೂವು ಅಕ್ಕಿ ಚೆಲ್ಲಿದ ಹಾಗೆ ಬೀಳತ್ತೆ, ನಾವು ಫೋಟೋ ತೆಗೆದು ಸ್ಟೇಟಸ್ ಹಾಕ್ತೀವಿ ಆದ್ರೆ ಗುಡಿಸಲ್ಲ, ಆಮೇಲೆ ಮೊದಲ ಮಳೆ ಬಂದು ಅದೆಲ್ಲಾ ಸಂದಿಲಿ ಗೊಬ್ಬರ ಆಗಿ ಕೂತ್ಕೊಳತ್ತೆ. ಚುಕ್ಕೆ ಬರೋದು ಅಲ್ಲಿಂದ.

ನಿಮ್ಮ ಬೋರ್ಡು ಯಾವ ಜಾತಿದು ಅಂತ ಒಂದ್ಸಲ ನೋಡ್ಕೊಳಿ. ಕತ್ತರಿಸಿದ ತುದಿಲಿ ಸುತ್ತ ಸಿಪ್ಪೆ ಥರ ತೆಳ್ಳಗೆ ಬೇರೆ ಪದರ ಕಂಡ್ರೆ ಅದು ಕ್ಯಾಪ್ಡ್ ಬೋರ್ಡು, ಕಲೆ ಒಳಗಿಳಿಯೋದು ಕಡಿಮೆ. ಒಂದೇ ಸಮ ಇದ್ರೆ ಅನ್‌ಕ್ಯಾಪ್ಡ್, ಅಂದ್ರೆ ಮರದ ಹುಡಿ ನೇರ ಗಾಳಿ-ಮಳೆಗೆ ಒಡ್ಡಿಕೊಂಡಿದೆ, ಸ್ವಲ್ಪ ನೀರು ಕುಡಿಯತ್ತೆ, ಬೂಷ್ಟೂ ಬೇಗ. ನಮ್ಮಲ್ಲಿ ಕಮ್ಮಿ ರೇಟಿಗೆ ಸಿಗೋದು ಹೆಚ್ಚಾಗಿ ಈ ಎರಡನೇದು.

ತೊಳೆಯೋ ಕ್ರಮ ಹೇಳ್ತೀನಿ. ಒಣಗಿದ್ದಾಗಲೇ ಗುಡಿಸಿ, ಒದ್ದೆ ಇದ್ದಾಗ ಗುಡಿಸಿದ್ರೆ ಕೆಸರು ಬಳಿದ ಹಾಗಾಗತ್ತೆ. ಬೋರ್ಡ್ ಸಂದಿಗೆ ಚಾಕು ಸ್ಕ್ರೂಡ್ರೈವರ್ ಬೇಡ, ಕಡ್ಡಿಪೊರಕೆಯಿಂದ ನಾಕು ಕಡ್ಡಿ ಕಿತ್ಕೊಂಡು ಎಳೀರಿ, ಆ 5 ಮಿಮೀ ಸಂದಿಗೆ ಅದಕ್ಕಿಂತ ಒಳ್ಳೇ ಟೂಲ್ ನಾನಂತೂ ನೋಡಿಲ್ಲ. ಆಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ಡು, ನೈಲಾನ್ ಬ್ರಷ್ಷು. ಬೋರ್ಡ್ ಮೇಲಿನ ಗೆರೆ ಯಾವ ಕಡೆ ಓಡತ್ತೋ ಆ ಕಡೆಗೇ ಉಜ್ಜಿ. ಸೋಪಿನ ನೀರು ಒಣಗೋಕೆ ಬಿಡಬೇಡಿ, ನಮ್ಮ ಜನ ತಪ್ಪು ಮಾಡೋದೇ ಇಲ್ಲಿ, ಒಣಗಿದ ಸೋಪು ಅಂಟಾಗಿ ಕೂತು ಮಾರನೇ ದಿನದಿಂದ ಇನ್ನೂ ಜಾಸ್ತಿ ಧೂಳು ಹಿಡಿಯತ್ತೆ. ಹಾಗಾಗಿ ಸ್ವಲ್ಪ ಸ್ವಲ್ಪ ಜಾಗ ತಗೊಂಡು ಉಜ್ಜಿ, ತೊಳೆದು, ಮುಂದಕ್ಕೆ ಹೋಗಿ.

ಇಷ್ಟಕ್ಕೂ ಚುಕ್ಕೆ ಹೋಗ್ಲಿಲ್ಲ ಅಂದ್ರೆ ಆಕ್ಸಿಜನ್ ಬ್ಲೀಚ್, ಅಂದ್ರೆ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ. ನೀರಿಗೆ ಹಾಕಿದ್ರೆ ಹೈಡ್ರೋಜನ್ ಪೆರಾಕ್ಸೈಡೂ ವಾಷಿಂಗ್ ಸೋಡಾನೂ ಆಗಿ ಬಿಡಿಬಿಡಿ ಆಗತ್ತೆ, ನುರು ನುರು ನೊರೆ ಬರತ್ತೆ. 10-15 ನಿಮಿಷ ಒಣಗದ ಹಾಗೆ ಬಿಟ್ಟು ಉಜ್ಜಿ ಚೆನ್ನಾಗಿ ನೀರು ಹಾಯಿಸಿ. ಬಿಳೀ ಬಟ್ಟೆಗೆ ಹಾಕೋ ಕ್ಲೋರಿನ್ ಬ್ಲೀಚು ಬೇಡ, ಚುಕ್ಕೆ ಜೊತೆ ಬೋರ್ಡಿನ ಬಣ್ಣಾನೂ ಹೋಗತ್ತೆ.

ಕಾರ್ ತೊಳೆಯೋ ಪ್ರೆಷರ್ ವಾಷರ್ ಇದೆ ಅಂತ ಅದನ್ನೇ ತಂದು ಹೊಡೆಯೋ ಉತ್ಸಾಹ ಎಲ್ಲರಿಗೂ ಇರತ್ತೆ (ಗಂಡಸರಿಗೆ ಜಾಸ್ತಿ). ಹೊಡೀರಿ, ಆದ್ರೆ ನೀರಿನ ಒತ್ತಡ 1500 ಪಿಎಸ್‌ಐ ಒಳಗಿರ್ಲಿ, ಬೀಸಣಿಗೆ ಥರ ನೀರು ಹರಡೋ ನಾಝಲ್ಲು, ಒಂದಡಿ ದೂರ. ಕೆಂಪು ನಾಝಲ್ ಅಂದ್ರೆ ಸೊನ್ನೆ ಡಿಗ್ರಿ, ಸೂಜಿ ಥರ ಹೊಡೆದು ಬೋರ್ಡ್ ಮೇಲೆ ಗೆರೆ ಕೆತ್ತಿಬಿಡತ್ತೆ. ಬಿಳೀದು 40 ಡಿಗ್ರಿ, ಅದು ಹಾಕಿ. ಬೋರ್ಡಿನ ಕಂಪನಿ ಕೊಟ್ಟಿರೋ ಕಾಗದದಲ್ಲಿ ಬೇರೆ ಅಳತೆ ಇದ್ರೆ ಅದನ್ನೇ ಪಾಲಿಸಿ, ಇಲ್ಲಾಂದ್ರೆ ವಾರಂಟಿ ಕೇಳೋ ಹಾಗಿಲ್ಲ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ರ ಸಣ್ಣ ಹೋಮ್‌ಸ್ಟೇ. ಎರಡು ಸಮಸ್ಯೆ. ಮಳೆಗಾಲದಲ್ಲಿ ಡೆಕ್ ಮೇಲೆ ಹಾವಸೆ ಕಟ್ಟಿ ಗೆಸ್ಟ್‌ಗಳು ಜಾರಿ ಬೀಳ್ತಾರೆ. ಎರಡ್ನೇದು ಹೇಳೋಕೆ ಸಂಕೋಚ, ನಾವು ಊರಲ್ಲಿಲ್ಲದಾಗ ಅತ್ತೆ ಬೇಯಿಸಿದ ಅಡಿಕೇನ ಡೆಕ್ ಮೇಲೆ ಹರವಿಬಿಟ್ಟಿದಾರೆ, ಇಡೀ ಡೆಕ್ ಚೊಗರಿನ ಕಲೆ. ಸೋಪು-ಸೋಡಾ ಹಾಕಿ ತಿಕ್ಕಿದ್ರೆ ಇನ್ನೂ ಕಪ್ಪಾಯ್ತು ಮಾರಾಯ್ರೆ.
– ಹೋಮ್‌ಸ್ಟೇ ನಡೆಸೋ ಓದುಗರು

ಅತ್ತೇನ ಬೈಬೇಡಿ ಅಕ್ಕಾ. ಬಿಸಿಲು ಬೀಳೋ ಜಾಗ, ನೆಲದಿಂದ ಎತ್ತರ, ಕೆಳಗಿಂದ ಗಾಳಿ ಆಡೋ ಹಾಗೆ ಸಂದಿ ಬಿಟ್ಟು ಹಲಗೆ ಜೋಡಿಸಿದಾರೆ, ಅವರ ಕಣ್ಣಿಗೆ ಅದು ನೀವು ಅವರಿಗೆ ಕಟ್ಟಿಸಿಕೊಟ್ಟ ಅಡಿಕೆ ಅಟ್ಟಾನೇ.

ಚೊಗರು ಅಂದ್ರೆ ಟ್ಯಾನಿನ್ನು, ಬಟ್ಟೆಗೆ ಬಣ್ಣ ಕಟ್ಟೋಕೇ ಉಪಯೋಗಿಸೋ ವಸ್ತು ಅದು, ಸುಮ್ನೆ ಹೋಗತ್ತಾ? ಟ್ಯಾನಿನ್ನಿಗೆ ಕ್ಷಾರ ತಾಗಿದ್ರೆ ಬಣ್ಣ ಇನ್ನೂ ಗಾಢ ಆಗತ್ತೆ, ಸೋಡಾ ಹಾಕಿದಾಗ ನಿಮಗಾಗಿದ್ದು ಅದೇ. ಕಬ್ಬಿಣ ತಾಗಿದ್ರಂತೂ ನೀಲಿಗಪ್ಪು, ಅಡಿಕೆ ಸುಲಿಯೋರ ಕೈ ನೋಡಿರ್ತೀರಲ್ಲ. ಹಾಗಾಗಿ ಇದಕ್ಕೆ ಉಲ್ಟಾ ದಾರಿ, ಹುಳಿ ಬೇಕು: ಆಕ್ಸಾಲಿಕ್ ಆಸಿಡ್. ಡೆಕ್ ಬ್ರೈಟ್ನರ್ ಅಂತ ರೆಡಿ ಸಿಗತ್ತೆ, ಬಹಳಷ್ಟರಲ್ಲಿ ಇದೇ ಇರೋದು. ಪೊಟ್ಟಣದ ಮೇಲಿನ ಅಳತೆ ಮೀರಬೇಡಿ, ಪ್ಲಾಸ್ಟಿಕ್ ಬಕೆಟ್ಟೇ ಬಳಸಿ, ಯಾರಿಗೂ ಕಾಣದ ಮೂಲೆಲಿ ಅಂಗೈ ಅಗಲಕ್ಕೆ ಹಚ್ಚಿ ನೋಡಿ ಆಮೇಲೆ ಮುಂದುವರೀರಿ. ಇದು ವಿಷ, ಗ್ಲೌಸ್ ಕನ್ನಡಕ ಹಾಕ್ಕೊಳಿ, ಮಕ್ಕಳು, ನಾಯಿ, ದನ ಹತ್ರ ಬರೋ ಹಾಗಿಲ್ಲ, ತೊಳೆದ ನೀರು ಬಾವಿ ಕಡೆ ಹರೀಬಾರ್ದು. ಮತ್ತೆ ಬ್ಲೀಚಿಂಗ್ ಪೌಡರ್ ಇರೋ ಜಾಗದಲ್ಲಿ ಇದನ್ನ ತರಲೇಬೇಡಿ, ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸು. ಅನ್‌ಕ್ಯಾಪ್ಡ್ ಬೋರ್ಡಾದ್ರೆ ಪೂರ್ತಿ ಹೋಗದೇ ಇರಬಹುದು, ಒಂದೆರಡು ಬೇಸಿಗೆ ಬಿಸಿಲಿಗೆ ಬೋರ್ಡೂ ಕಲೇನೂ ಎರಡೂ ಮಾಸಿ ಒಂದೇ ಬಣ್ಣಕ್ಕೆ ಬರೋ ಹಾದೀಲಿ ಇರತ್ತೆ ಬಿಡಿ.

ಇನ್ನು ಹಾವಸೆ. ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಎರಚಿ ಅಡಿಕೆ ದಬ್ಬೆ (ಮರ ಸೀಳಿದ ಪಟ್ಟಿ) ಹಾಸೋದು ನಿಮ್ಮ ಕಡೆ ರೂಢಿ, ಡೆಕ್ಕಿಗೆ ಅವೆರಡೂ ಬೇಡ. ಪೌಡರ್ ಬಿದ್ದಲ್ಲೆಲ್ಲಾ ಬಿಳೀ ಮಚ್ಚೆ, ದಬ್ಬೆ ಹಾಸಿದ್ರೆ ಅದರದ್ದೇ ಕಲೆ. ನಾರಿನ ಮ್ಯಾಟ್ ಹಾಕಿ ನಾಕು ತಿಂಗಳು ಬಿಟ್ರೆ ಅದರ ಅಡಿಲೇ ಹಾವಸೆ ಸಂಸಾರ ಹೂಡತ್ತೆ.

ನಾನು ಕೇಳೋದು ಒಂದೇ, ನಿಮ್ಮ ಡೆಕ್ಕಿನ ಅಡಿಗೆ ಗಾಳಿ ಹೋಗತ್ತಾ? ಚೆಂದಕ್ಕೆ ಅಂತ ನಾಕೂ ಕಡೆ ಪಟ್ಟಿ ಹೊಡೆದು ಮುಚ್ಚಿರ್ತಾರೆ, ಕೆಳಗಿನ ಮಣ್ಣಿನ ತೇವ ಮೇಲಕ್ಕೆ ಬರ್ತಾನೇ ಇರತ್ತೆ, ನೀವು ಮೇಲೆ ಎಷ್ಟು ಉಜ್ಜಿದ್ರೂ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಎದುರುಬದುರು ಎರಡು ಕಡೆಯಾದ್ರೂ ಪಟ್ಟಿ ಬಿಚ್ಚಿ ಜಾಲರಿ ಹಾಕಿಸಿ, ಅಡಿಲಿ ಸೇರಿರೋ ಎಲೆ ಕಸ ಎಳೆದು ತೆಗೀರಿ, ಮೇಲೆ ಬಾಗಿರೋ ಕೊಂಬೆ ಮಳೆಗೆ ಮುಂಚೆ ಸವರಿಸಿ. ಮೇ ಕೊನೆಗೊಂದು ಪೂರ್ತಿ ತೊಳೆಯೋದು, ನವರಾತ್ರಿ ಆದ್ಮೇಲೆ ಇನ್ನೊಂದು. ನಡುವೆ ಮಳೆಗಾಲದಲ್ಲಿ ಕೆಮಿಕಲ್ಲೇ ಬೇಡ, ಹೊಳವಾದ ದಿನ ಗಟ್ಟಿ ನೈಲಾನ್ ಬ್ರಷ್ಷಲ್ಲಿ ಬರೀ ನೀರಿಗೆ ಅರ್ಧ ಗಂಟೆ ಉಜ್ಜಿ. ವಾರಕ್ಕೊಂದ್ಸಲ ಉಜ್ಜಿದ್ರೆ ಹಾವಸೆ ಬೇರೂರಲ್ಲ, ತಿಂಗಳು ಬಿಟ್ರೆ ಚರ್ಮ ಆಗಿಬಿಡತ್ತೆ. ಮೆಟ್ಟಿಲಿಗೆ ಮಾತ್ರ ಆಂಟಿ-ಸ್ಕಿಡ್ ಪಟ್ಟಿ ಹಾಕಿಸಿಬಿಡಿ, ಅಲ್ಲಿ ಬ್ರಷ್ಷನ್ನ ನಂಬೋದು ಬೇಡ.

ಪ್ರಶ್ನೆ: ನಮಸ್ಕಾರ್ರೀ ಸರ್. ನಮ್ಮದು ಕಲಬುರಗಿ. ಡಿಸೆಂಬರದಾಗ ಮಾಳಿಗಿ ಮ್ಯಾಲ ಡೆಕ್ ಹಾಕ್ಸೀವ್ರಿ. ಬ್ಯಾಸಗಿ ಬರೂದ್ರಾಗ ನಡಕಿನ ಹಲಗಿ ಎಲ್ಲಾ ಬಿಲ್ಲಿನಂಗ ಎದ್ದು ನಿಂತಾವ. ಮಧ್ಯಾಹ್ನ ಅಂತೂ ಕಾಲ ಇಡಾಕ ಆಗಂಗಿಲ್ಲ. ಮಾಲ್ ಖೊಟ್ಟಿ ಐತೇನ್ರಿ?
– ನಿವೃತ್ತ ಶಿಕ್ಷಕರು

ಮಾಲು ಖೊಟ್ಟಿ ಅಂತ ಈಗಲೇ ಹೇಳಂಗಿಲ್ರಿ ಮಾಸ್ತರ್ರ, ಕೂಡ್ರಿಸಿದ್ದು ಖೊಟ್ಟಿ ಇರಬಹುದು. ಮರ ನೀರು ಕುಡಿದು ಅಗಲಕ್ಕೆ ಹಿಗ್ಗತ್ತೆ, ಈ ಬೋರ್ಡು ಬಿಸಿಗೆ ಉದ್ದಕ್ಕೆ ಹಿಗ್ಗತ್ತೆ, ನಮ್ಮ ಬಡಗಿಗಳಿಗೆ ಮರದ ಲೆಕ್ಕ ಗೊತ್ತು, ಇದರದ್ದು ಇನ್ನೂ ಕೈಗೆ ಹತ್ತಿಲ್ಲ. 12 ಅಡಿ ಬೋರ್ಡು ಡಿಸೆಂಬರ್ ಬೆಳಗಿನ 15 ಡಿಗ್ರಿಲಿ ಗೋಡೆಗೆ ಗೋಡೆ ತಾಗಿಸಿ ಹಾಕಿದಾರೆ ಅಂತಿಟ್ಕೊಳಿ, ಮೇ ತಿಂಗಳ ಮಟಮಟ ಮಧ್ಯಾಹ್ನ ಬೋರ್ಡಿನ ಮೈ 65 ಡಿಗ್ರಿ ಮುಟ್ಟಿದ್ರೆ ಅದು ಸುಮಾರು 7 ಮಿಮೀ ಉದ್ದ ಆಗಿರತ್ತೆ. ಹೋಗೋಕೆ ಜಾಗ ಇಲ್ಲ, ಮೇಲಕ್ಕೆ ಏಳತ್ತೆ, ಇನ್ನೇನ್ ಮಾಡತ್ತೆ ಪಾಪ.

ಸಂಜೆ ಬೋರ್ಡ್ ತಣ್ಣಗಾದ್ಮೇಲೆ ಬಿಚ್ಚಿಸಿ ತುದಿ ಕತ್ತರಿಸಿ ಗೋಡೆ ಕಡೆ 8-10 ಮಿಮೀ ಬಿಡಿಸ್ರಿ. ಬೋರ್ಡು-ಬೋರ್ಡಿನ ತುದಿ ಸೇರೋ ಕಡೆನೂ ಸಂದಿ ಬೇಕು, ಅಂಟು ಹಾಕಿದ್ರೆ ತೆಗೆಸ್ರಿ. ಬಿಚ್ಚಿದಾಗಲೇ ಕೆಳಗಿನ ಅಡ್ಡಪಟ್ಟಿಗಳ ನಡುವಿನ ಅಂತರ ಅಳೀರಿ, 16 ಇಂಚಿಗಿಂತ ದೂರ ಇದ್ರೆ ಬೇಸಿಗೇಲಿ ಬೋರ್ಡ್ ಜೋತುಬೀಳತ್ತೆ, ನಿಮ್ಮ ಕಡೆ ಬಿಸಿಲಿಗೆ 12 ಇಂಚೇ ಒಳ್ಳೇದು. ಫ್ರೇಮ್ ಕೂಡ್ರಿಸೋಕೆ ಮಾಳಿಗೆ ತೂತು ಕೊರೆದಿದ್ದಾರಾ ನೋಡ್ರಿ, ಕೊರೆದಿದ್ರೆ ಮಳೆಗೆ ಮುಂಚೆ ವಾಟರ್‌ಪ್ರೂಫಿಂಗ್ ಸರಿ ಮಾಡಿಸ್ರಿ.

ಕಾಲು ಸುಡೋದಕ್ಕೆ ಮಾತ್ರ ಮದ್ದಿಲ್ಲ. ಗಾಢ ಬಣ್ಣ ಇದ್ದಷ್ಟೂ ಬಿಸಿ ಜಾಸ್ತಿ. ಗ್ರೀನ್ ನೆಟ್ ಕಟ್ಟಿ ಇಲ್ಲಾ ಚಪ್ಪಲಿ ಹಾಕ್ರಿ. ದಿನಾ ಬೋರ್‌ವೆಲ್ ನೀರು ಚಿಮುಕಿಸಿದ್ರೆ ಆ ಕ್ಷಣಕ್ಕೆ ತಂಪು, ವಾರದಲ್ಲಿ ಸುಣ್ಣ ಬಳಿದ ಹಾಗೆ ಬಿಳೀ ಪೊರೆ. ಅದು ಬಂದಿದ್ರೆ ವಿನೆಗರ್‌ಗೆ ನೀರು ಬೆರೆಸಿ ಒರೆಸಿ ತೊಳೀರಿ, ಹೋಗತ್ತೆ.

ಪ್ರಶ್ನೆ: ದೀಪಾವಳಿಗೆ ದೀಪದ ಎಣ್ಣೆ ಚೆಲ್ಲಿದೆ, ಅರಿಶಿನದ ನೀರೂ ಬಿದ್ದಿದೆ. ಎರಡಕ್ಕೂ ಒಂದೇ ಔಷಧಿನಾ?
– ಮೈಸೂರಿನ ಓದುಗರು

ಅಲ್ಲ. ಎಣ್ಣೆಗೆ ಆತುರ ಬೇಕು, ಅರಿಶಿನಕ್ಕೆ ತಾಳ್ಮೆ. ಎಣ್ಣೆ ಚೆಲ್ಲಿದ ಕೂಡಲೇ ಕಾಗದದಲ್ಲಿ ಒತ್ತಿ ಹೀರಿಸಿ, ಬಿಸಿನೀರು-ಡಿಶ್‌ವಾಶ್ ಹಾಕಿ ಉಜ್ಜಿ. ವಾರ ಬಿಟ್ರೆ ಮರದ ಹುಡಿ ಕುಡಿದುಬಿಡತ್ತೆ. ಅರಿಶಿನದ ಬಣ್ಣಕ್ಕೆ ಬಿಸಿಲೇ ವೈರಿ, ಸೋಪಲ್ಲಿ ಒಂದ್ಸಲ ತೊಳೆದು ಬಿಸಿಲಿಗೆ ಬಿಡಿ, ತಾನಾಗೇ ಮಾಸತ್ತೆ. ಪಟಾಕಿ ಸುಟ್ಟ ಗುರುತು ಹೋಗಲ್ಲ, ಸ್ಯಾಂಡ್‌ಪೇಪರ್ ಹಿಡಿದು ಕೂರಬೇಡಿ, ಕ್ಯಾಪ್ ಪದರ ಹೋದ್ರೆ ಕಥೆ ಮುಗೀತು, ಅದೊಂದು ಬೋರ್ಡ್ ಬದಲಾಯಿಸಿ. ಹಾಕಿಸುವಾಗಲೇ ಎರಡು ಬೋರ್ಡ್ ಎಕ್ಸ್‌ಟ್ರಾ ತಗೊಂಡಿಡಿ ಅಂತ ನಾನು ಬಡ್ಕೊಳೋದು ಇದಕ್ಕೇ.

ಪ್ರಶ್ನೆ: ಮಗನ ಮನೆಗೆ ಅಂತ ನ್ಯೂಜೆರ್ಸಿಗೆ ಬಂದು ಆರು ತಿಂಗಳು ಇರ್ತೀವಿ. ಹಿಂದುಗಡೆ ಇದೇ ಥರ ಡೆಕ್ ಇದೆ. ಮಗ-ಸೊಸೆ ಆಫೀಸಿಗೆ ಹೋದ್ಮೇಲೆ ನಾನೇ ಕ್ಲೀನ್ ಮಾಡೋಣ ಅಂತ. ಹಿಮ ಬಿದ್ರೆ ಗ್ಯಾರೇಜಲ್ಲಿರೋ ಕಬ್ಬಿಣದ ಸಲಿಕೇಲಿ ಎಳೀಬಹುದಾ?
– ದಾವಣಗೆರೆಯ ಹಿರಿಯರು

ಬೇಡ ಸರ್, ಮಗ ನಿಮಗೆ ಏನೂ ಅನ್ನಲ್ಲ, ಆದ್ರೆ ಆ ಗೀರು ನೋಡಿದಾಗೆಲ್ಲಾ ನೀವು ನೆನಪಾಗ್ತೀರಿ. ಪ್ಲಾಸ್ಟಿಕ್ ಸಲಿಕೆ ತಗೊಳಿ, ಬೋರ್ಡಿನ ಉದ್ದಕ್ಕೇ ತಳ್ಳಿ. ತಳಕ್ಕಂಟಿರೋ ಐಸ್ ಕೆರೀಬೇಡಿ, ಕ್ಯಾಲ್ಸಿಯಂ ಕ್ಲೋರೈಡೋ ರಾಕ್ ಸಾಲ್ಟೋ ಹಾಕಿ ಕರಗೋಕೆ ಬಿಡಿ, ಅದರ ಬಿಳೀ ಪುಡಿ ಚಳಿ ಮುಗಿದ್ಮೇಲೆ ನೀರಲ್ಲಿ ತೊಳೆದು ಹೋಗತ್ತೆ. ಚಳಿಗೆ ಬೋರ್ಡ್ ಕುಗ್ಗಿ ಸಂದಿ ದೊಡ್ಡದಾಗಿ ಕಂಡ್ರೆ ಗಾಬರಿ ಬೇಡ, ಕಲಬುರಗಿ ಮಾಸ್ತರ್ರದ್ದೇ ಲೆಕ್ಕ ಉಲ್ಟಾ.

ನಿಜವಾದ ಕೆಲಸ ಹಿಮ ಬೀಳೋಕೆ ಮುಂಚೆ ಇರೋದು. ಅಕ್ಟೋಬರ್-ನವೆಂಬರಲ್ಲಿ ಓಕ್ ಎಲೆ ಉದುರಿ ಒದ್ದೆಯಾಗಿ ಹಾಗೇ ಬಿದ್ದಿದ್ರೆ ಎಲೆ ಆಕಾರದಲ್ಲೇ ಕಂದು ಅಚ್ಚು ಬೀಳತ್ತೆ, ಅದೂ ಟ್ಯಾನಿನ್ನೇ, ಮೇಲೆ ತೀರ್ಥಹಳ್ಳಿ ಅಕ್ಕನಿಗೆ ಹೇಳಿದ ಮದ್ದೇ ಅದಕ್ಕೂ. ಇನ್ನೊಂದು ನೋಡಿ, ಡೆಕ್ ಮೇಲೆ ಒಂದೇ ಜಾಗದಲ್ಲಿ ಬೋರ್ಡ್ ಸೊಟ್ಟ ಆಗಿದ್ಯಾ? ಅಲ್ಲಿನ ಲೋ-ಇ ಗಾಜಿನ (ಶಾಖ ತಡೆಯೋ ಲೇಪ ಇರೋ ಗಾಜು) ಕಿಟಕಿ ಬಿಸಿಲನ್ನ ಭೂತಗನ್ನಡಿ ಥರ ಒಂದೆಡೆಗೆ ಹೊಡೆದು ಪ್ಲಾಸ್ಟಿಕ್ಕನ್ನ ಮೆತ್ತಗೆ ಮಾಡೋದುಂಟು. ಕಿಟಕಿಗೆ ಹೊರಗಡೆಯಿಂದ ಜಾಲರಿ ಹಾಕಿದ್ರೆ ನಿಲ್ಲತ್ತೆ, ಮಗನಿಗೆ ಹೇಳಿ. ಮತ್ತೆ ಬಾಗಿಲ ಹತ್ರ ಇರೋ ರಬ್ಬರ್ ಮ್ಯಾಟ್ ಎತ್ತಿ ನೋಡಿ, ರಬ್ಬರ್ ತಾಗಿ ಅದರ ಅಡಿ ಬೋರ್ಡಿನ ಬಣ್ಣ ಬದಲಾಗಿದ್ರೆ ಅದು ನಿಮ್ಮಿಂದಾದದ್ದಲ್ಲ ಅಂತ ಇವತ್ತೇ ಫೋಟೋ ತೆಗೆದಿಟ್ಕೊಳಿ.