ಮೊಬೈಲ್ ಆಮೇಲೆ ನೋಡೋಣ, ಗಾಡಿ ಕೀ ಯಾರ ಹತ್ರ ಇದೆ?

ಹಾಸನದಿಂದ ಒಬ್ಬ ತಾಯಿ ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಿಲ್ಲ. ಕಾಗದದ ಸಾರಾಂಶ ಇಷ್ಟು: ಮಗ ಹತ್ತನೇ ಕ್ಲಾಸು, ಯಾವಾಗ್ಲೂ ಮೊಬೈಲು, ಇನ್‌ಸ್ಟಾಗ್ರಾಮಲ್ಲಿ ಏನೇನೋ ಚಾಲೆಂಜ್ ಅಂತೆ, ವೇಪ್ ಅಂತೆ, ವೈಟ್ನರ್ ಮೂಸೋದಂತೆ, ಈಗಿನ ಹುಡುಗರಲ್ಲಿ ಯಾವ್ಯಾವ ಅಪಾಯದ ಟ್ರೆಂಡ್ ಇದೆ ಅಂತ ಅಪ್ಪ-ಅಮ್ಮಂದಿರಿಗೆ ಒಂದು ಲಿಸ್ಟ್ ಕೊಡಿ. ಕೊನೇಲಿ ಒಂದು ಸಾಲು: "ಬೆಳಗ್ಗೆ ಅವನು ಸ್ಕೂಟಿಯಲ್ಲಿ ಟ್ಯೂಷನ್‌ಗೆ ಹೋಗಿ ಬಂದ ತಕ್ಷಣ ಮೊಬೈಲ್ ಇಸ್ಕೊಂಡು ಬೀರುವಲ್ಲಿಡ್ತೀನಿ, ಅಷ್ಟಾದ್ರೂ ನನ್ನ ಕೈಲಿದೆ."

ಮೇಡಂ, ಲಿಸ್ಟ್ ಕೇಳಿದ್ರಿ, ಅದರ ಮೊದಲನೇ ಐಟಮ್ ನೀವೇ ಬರೆದು ಕಳಿಸಿದ್ದೀರಿ: ಸ್ಕೂಟಿ.

ನಿಮ್ಮ ಭಯ ಸುಳ್ಳು ಅಂತಿಲ್ಲ. ವೇಪ್ ಅಂದ್ರೆ ಇ-ಸಿಗರೇಟು, ಅದನ್ನ 2019ರಲ್ಲೇ ದೇಶದಲ್ಲಿ ಬ್ಯಾನ್ ಮಾಡಿದ್ರೂ ಸಿಗೋರಿಗೆ ಸಿಗ್ತಿದೆ, 2022ರ ನವೆಂಬರಲ್ಲಿ ಬೆಂಗಳೂರಿನ ಸ್ಕೂಲುಗಳಲ್ಲಿ ಬ್ಯಾಗ್ ಚೆಕ್ ಮಾಡ್ದಾಗ ಏನೇನು ಸಿಕ್ತು ಅಂತ ನೀವೂ ಓದಿರ್ತೀರಿ. ಮಗನ ಹತ್ರ ಕೂತು ಮಾತಾಡಿ, ಮಾತಾಡ್ಲೇಬೇಕು. ಆದ್ರೆ 'ಟ್ರೆಂಡ್' ಅನ್ನೋದ್ರ ಹಿಂದೆ ಓಡೋ ನಮ್ಮ ಚಾಳಿ ಸ್ವಲ್ಪ ನೋಡಿ. 2017ರಲ್ಲಿ ಬ್ಲೂ ವೇಲ್ ಅಂತ, ಮಕ್ಕಳನ್ನ ಆತ್ಮಹತ್ಯೆಗೆ ತಳ್ಳುತ್ತೆ ಅಂತಿದ್ದ ಆನ್‌ಲೈನ್ ಗೇಮ್ ಬಗ್ಗೆ, ಎಷ್ಟು ಗಲಾಟೆ ಆಯ್ತು, ವಾಟ್ಸಾಪ್ ಗ್ರೂಪಲ್ಲಿ ರಾತ್ರಿಯೆಲ್ಲಾ ಫಾರ್ವರ್ಡು, ಟಿವಿಯೋರು ವಾರಗಟ್ಲೆ ಅದನ್ನೇ ಅರೆದ್ರು. 2018ರ ಜನವರೀಲಿ ಕೇಂದ್ರ ಸರ್ಕಾರ ಪಾರ್ಲಿಮೆಂಟಲ್ಲಿ ಹೇಳಿದ್ದೇನು? ವಿಚಾರಣೆ ಮಾಡಿದ ಯಾವ ಕೇಸಲ್ಲೂ ಆ ಗೇಮ್‌ನಿಂದ ಸಾವಾಗಿದ್ದಕ್ಕೆ ಪುರಾವೆ ಸಿಕ್ಕಿಲ್ಲ ಅಂತ. ಆ ಸುದ್ದಿ ಯಾರೂ ಫಾರ್ವರ್ಡ್ ಮಾಡ್ಲಿಲ್ಲ.

ಈ ಕಡೆ ನೋಡಿ. 2022ನೇ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತೋರು 1.68 ಲಕ್ಷ ಜನ, ಅದರಲ್ಲಿ ನೂರಕ್ಕೆ 44 ಜನ ಟೂ ವೀಲರ್‌ನೋರು. 5ರಿಂದ 29 ವರ್ಷದೊಳಗಿನೋರನ್ನ ಪ್ರಪಂಚದಲ್ಲಿ ಅತಿ ಹೆಚ್ಚು ಕೊಲ್ಲೋದು ರಸ್ತೆ ಅಪಘಾತವೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಾನೇ ಇದೆ. ಕಾಯಿಲೆ ಅಲ್ಲ, ಮೊಬೈಲಲ್ಲ, ರೋಡು.

"ಗೇರಿಲ್ಲದ ಗಾಡಿ ಅಲ್ವಾ ಸಾರ್, ಹದಿನಾರಕ್ಕೇ ಓಡಿಸ್ಬೋದು" ಅನ್ನೋರು ನನಗೆ ಪ್ರತಿ ಮದುವೆ ಮನೇಲೂ ಸಿಗ್ತಾರೆ. ಅರ್ಧ ಕಾನೂನು ಓದಿದೋರು ಇವರು. ಮೋಟಾರು ವಾಹನ ಕಾಯ್ದೆ ಹದಿನಾರಕ್ಕೆ ಬಿಡೋದು 50 ಸಿಸಿ ಒಳಗಿನ ಗಾಡಿನ ಮಾತ್ರ. ನಿಮ್ಮ ಮನೆ ಮುಂದಿರೋ ಸ್ಕೂಟಿ 110 ಇರುತ್ತೆ, ಇಲ್ಲಾ 125. 50 ಸಿಸಿ ಹೊಸ ಗಾಡಿ ಈಗ ಶೋರೂಮಲ್ಲಿ ಹುಡುಕಿದ್ರೂ ಸಿಗೋದು ಕಷ್ಟ. ಅಲ್ಲಿಗೆ 18 ತುಂಬೋವರೆಗೂ ಇಲ್ಲ ಅಂತಾನೇ ಅರ್ಥ. ಅಷ್ಟಕ್ಕೂ ನಿಮ್ಮ ಹುಡುಗನಿಗೆ ಹದಿನಾರೂ ಆಗಿರ್ಲಿಕ್ಕಿಲ್ಲ.

ಹಂಗೇ ಕೊಟ್ರೆ ಏನಾಗುತ್ತೆ? 2019ರ ತಿದ್ದುಪಡೀಲಿ 199ಎ ಅಂತ ಒಂದು ಸೆಕ್ಷನ್ ಸೇರಿಸಿದ್ರು. ಅಪ್ರಾಪ್ತ ಗಾಡಿ ಓಡಿಸಿ ತಪ್ಪು ಮಾಡಿದ್ರೆ ತಪ್ಪಿತಸ್ಥ ಅಪ್ಪನೋ ಅಮ್ಮನೋ ಗಾಡಿ ಓನರ್ರೋ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗೋತನಕ ಲೈಸೆನ್ಸ್ ಇಲ್ಲ. ನಿಮಗೆ ಗೊತ್ತಿದ್ದೇ ಕೊಟ್ಟಿದ್ದೀರಿ ಅಂತಾನೇ ಕೋರ್ಟ್ ಅಂದ್ಕೊಳ್ಳೋದು, ಇಲ್ಲ ಅಂತ ನೀವೇ ತೋರಿಸ್ಬೇಕು. ಶಿವಮೊಗ್ಗ ಕಡೆ ಕೋರ್ಟುಗಳು ಈ ಇಪ್ಪತ್ತೈದು ಸಾವಿರ ಕಟ್ಟಿಸಿದ ಸುದ್ದಿ ಆಗಾಗ ಬರ್ತಾನೇ ಇರುತ್ತೆ. ಇನ್ನು ಯಾರಿಗಾದ್ರೂ ಗುದ್ದಿದ್ರೆ, ಡಿಎಲ್ ಇಲ್ಲ ಅನ್ನೋ ಕಾರಣಕ್ಕೆ ಇನ್ಶೂರೆನ್ಸ್ ಕಂಪನಿ ಆ ಕಡೆಯೋರಿಗೆ ಕೊಟ್ಟ ದುಡ್ಡನ್ನ ನಿಮ್ಮಿಂದ ವಸೂಲಿ ಮಾಡ್ಬೋದು. ಸೈಟು ಮಾರ್ಬೇಕಾಗುತ್ತೆ.

"ನಮ್ಮೋನು ನಿಧಾನಕ್ಕೆ ಹೋಗ್ತಾನೆ" ಅಂತೀರಿ, ನಂಬ್ತೀನಿ, ನಿಮ್ಮನ್ನ ಹಿಂದೆ ಕೂರಿಸ್ಕೊಂಡಾಗ ನಿಧಾನಕ್ಕೇ ಹೋಗ್ತಾನೆ. 2005ರಲ್ಲಿ ಅಮೆರಿಕದಲ್ಲಿ ಗಾರ್ಡ್ನರ್, ಸ್ಟೈನ್‌ಬರ್ಗ್ ಅಂತ ಇಬ್ರು ಸಂಶೋಧಕರು ಒಂದು ಪರೀಕ್ಷೆ ಮಾಡಿದ್ರು. ಕಾರ್ ಓಡಿಸೋ ವಿಡಿಯೋ ಗೇಮು, ಕೆಲವರು ಒಬ್ರೇ ಆಡೋದು, ಇನ್ನು ಕೆಲವರು ಜೊತೆಗಾರರು ನೋಡ್ತಿರುವಾಗ. ದೊಡ್ಡೋರಲ್ಲಿ ಅಂಥಾ ವ್ಯತ್ಯಾಸ ಇಲ್ಲ, ಆದ್ರೆ ಟೀನೇಜ್ ಮಕ್ಕಳು ಫ್ರೆಂಡ್ಸ್ ನೋಡ್ತಿದ್ರೆ ಜಾಸ್ತಿ ರಿಸ್ಕ್ ತಗೊಂಡ್ರು. ಬುದ್ಧಿ ಇಲ್ಲ ಅಂತಲ್ಲ, ಆ ವಯಸ್ಸಲ್ಲಿ ಗೆಳೆಯನ ಕಣ್ಣು ಬ್ರೇಕ್‌ಗಿಂತ ಗಟ್ಟಿ. ಈಗ ಹೇಳಿ, ಟ್ಯೂಷನ್ ಮುಗಿದ್ಮೇಲೆ ಸ್ಕೂಟಿ ಮೇಲೆ ಎಷ್ಟು ಜನ ಬರ್ತಾರೆ? ತ್ರಿಬಲ್ಲೇ. ಹೆಲ್ಮೆಟ್ ಡಿಕ್ಕೀಲಿರುತ್ತೆ, ಕೂದಲು ಹಾಳಾಗುತ್ತಲ್ಲ!

ವೀಲಿಂಗ್ ವಿಷಯಾನೂ ಇಲ್ಲೇ ಬರುತ್ತೆ. 2024ರ ಆಗಸ್ಟಲ್ಲಿ ನೆಲಮಂಗಲ ಹತ್ರ ಫ್ಲೈಓವರ್ ಮೇಲೆ ವೀಲಿಂಗ್ ಮಾಡ್ತಿದ್ದ ಹುಡುಗರ ಸ್ಕೂಟರುಗಳನ್ನ ಜನ ಎತ್ತಿ ಕೆಳಗೆಸೆದ ವಿಡಿಯೋ ನೆನಪಿದ್ಯಾ? ನನಗೆ ಕಳಿಸಿದೋರೆಲ್ಲ "ಸರಿಯಾಗ್ ಮಾಡಿದ್ರು" ಅಂತ ಚಪ್ಪಾಳೆ ಹಾಕಿ ಕಳಿಸಿದ್ರು. ಸಿಟ್ಟು ಅರ್ಥ ಆಗುತ್ತೆ, ಕೆಳಗಿನ ರೋಡಲ್ಲಿ ಯಾರಾದ್ರೂ ಹೋಗ್ತಿದ್ರೆ ಏನ್ ಗತಿ ಅನ್ನೋದೂ ಹೊಳೀಬೇಕಿತ್ತು. ಪೆಟ್ರೋಲ್‌ಗೆ ದುಡ್ಡು ಕೊಟ್ಟೋರು ಯಾರು ಅಂತ ಮಾತ್ರ ಒಬ್ರೂ ಕೇಳ್ಲಿಲ್ಲ. ಅದೇ ವರ್ಷ ಮೇನಲ್ಲಿ ಪುಣೇಲಿ ಹದಿನೇಳರ ಹುಡುಗನ ಪೋರ್ಷೆ ಕಾರು ಇಬ್ರು ಎಂಜಿನಿಯರುಗಳನ್ನ ಬಲಿ ತಗೊಂಡಾಗ, 300 ಪದದ ಪ್ರಬಂಧ ಬರಿ ಅಂತ ಹೇಳಿ ಜಾಮೀನು ಕೊಟ್ರಲ್ಲ ಅಂತ ದೇಶವೇ ಕುದೀತು, ನಾವೂ ನೀವೂ ಕುದ್ವಿ. ಪೋರ್ಷೆ ಅಪ್ಪನ ಮೇಲೆ ಸಿಟ್ಟು ಬರೋದು ಸುಲಭ, ಸ್ಕೂಟಿ ಅಪ್ಪ ನಮ್ಮನೇಲೇ ಪೇಪರ್ ಓದ್ತಾ ಕೂತಿರ್ತಾನೆ. ಇಂಥೋರೊಬ್ರು ನಮ್ಮ ಬೀದೀಲೇ ಇದ್ದಾರೆ, ಮೂರು ವರ್ಷದ ಮಗೂನ ಮುಂದೆ ನಿಲ್ಸಿ ಎಕ್ಸಲೇಟರ್ ತಿರುವಿಸ್ತಾರೆ, "ಈಗ್ಲೇ ಎಷ್ಟ್ ಇಂಟ್ರೆಸ್ಟ್ ನೋಡಿ ಸಾರ್" ಅಂತ ನನಗೇ ತೋರಿಸ್ತಾರೆ.

ಇಷ್ಟೆಲ್ಲಾ ಬೈದ ಮೇಲೆ ಹೇಳ್ತೀನಿ, ನೀವು ಆ ಸಾಲನ್ನ ಮುಚ್ಚಿಡದೆ ಬರೆದಿರಲ್ಲ, ಅದು ದೊಡ್ಡ ಗುಣ. ಮತ್ತೆ ನಿಮ್ಮೊಬ್ರದ್ದೇ ತಪ್ಪಲ್ಲ ಇದು. ಬೆಳಗ್ಗೆ ಐದೂವರೆಗೆ ಟ್ಯೂಷನ್ ಇಡೋ ಮೇಷ್ಟ್ರಿಗೆ ಆ ಹೊತ್ತಲ್ಲಿ ಮಕ್ಕಳು ಹೆಂಗ್ ಬರ್ತಾರೆ ಅನ್ನೋ ಯೋಚ್ನೆ ಇದ್ಯಾ? ಮೊದಲನೇ ಬಸ್ಸೇ ಬಂದಿರಲ್ಲ. ಸೈಕಲ್ ತುಳಿ ಅಂದ್ರೆ ಹೈವೇ ಪಕ್ಕ ಸೈಕಲ್‌ಗೆ ಜಾಗ ಎಲ್ಲಿದೆ, ಬೀದಿ ದೀಪ ಎಲ್ಲಿದೆ? ಬೈಕ್ ರ‍್ಯಾಲೀಲಿ ನಮ್ಮ ನಾಯಕರು ಹೆಲ್ಮೆಟ್ಟಿಲ್ಲದೆ ಕೈ ಬೀಸ್ಕೊಂಡ್ ಹೋಗ್ತಾರೆ, ಹಿಂದೆ ಬಾವುಟ ಹಿಡಿದು ತ್ರಿಬಲ್ ಬರೋ ಹುಡುಗರಿಗೆ ಮೀಸೆ ಕೂಡ ಬಂದಿರಲ್ಲ, ಬಂದೋಬಸ್ತಿಗೆ ಪೊಲೀಸರೇ ನಿಂತಿರ್ತಾರೆ. ಮಾರನೇ ದಿನ ಅದೇ ಸರ್ಕಲಲ್ಲಿ ಹೆಂಡ್ತಿ ಮಗೂನ ಕೂರಿಸ್ಕೊಂಡು ಬರೋ ಬಡಪಾಯಿಗೆ ಫೈನು.

ಹಂಗಾಗಿ ಮೇಡಂ, ಸದ್ಯಕ್ಕೆ ಬೀರುವಲ್ಲಿ ಮೊಬೈಲ್ ಜೊತೆ ಕೀನೂ ಇಡಿ. ಟ್ಯೂಷನ್ ಮೇಷ್ಟ್ರ ಹತ್ರ ನಾಲ್ಕು ಜನ ಪೇರೆಂಟ್ಸ್ ಒಟ್ಟಿಗೆ ಹೋಗಿ ಟೈಮ್ ಮುಂದಕ್ಕೆ ಹಾಕಿ ಅಂತ ಕೇಳಿ, ಒಪ್ಪದಿದ್ರೆ ಅದೇ ನಾಲ್ಕು ಮನೆಯೋರು ಸೇರಿ ಒಂದು ಆಟೋ ಮಾತಾಡಿ. ಉಳಿದ ಓದುಗರೂ ಬರೀರಿ: ನಿಮ್ಮೂರಲ್ಲಿ ಟ್ಯೂಷನ್ ಎಷ್ಟೊತ್ತಿಗೆ ಶುರು, ಮೊದಲನೇ ಬಸ್ ಎಷ್ಟೊತ್ತಿಗೆ? ಮೇಷ್ಟ್ರ ಹೆಸರು ಬೇಡ, ಊರು ಮತ್ತು ಟೈಮ್ ಸಾಕು. ಬಂದಷ್ಟನ್ನೂ ಮುಂದಿನ ಸಂಚಿಕೇಲಿ ಹಾಕ್ತೀವಿ.

-ಸಂ.