ಅತಿಮಧುರ ಹಚ್ಚಿದರೆ ಬಂಗು ಹೋಗುತ್ತಾ?

ಪ್ರಶ್ನೆ: ಮೇಡಂ, ಹೆರಿಗೆಯಾದ ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂದಿದೆ. ಅತಿಮಧುರ, ಹಿಪ್ಪುನೇರಳೆ ಸಾರ ಇರುವ ಒಂದು ಕ್ರೀಮಿನ ಮೇಲೆ ‘ಮೆಲನಿನ್ ತಡೆಯುತ್ತದೆ, ಲ್ಯಾಬ್‌ನಲ್ಲಿ ಸಾಬೀತಾಗಿದೆ’ ಅಂತ ಬರೆದಿದ್ದಾರೆ. ಗಿಡದ್ದೇ ಅಲ್ವಾ, ತೊಂದರೆ ಇಲ್ಲ ತಾನೇ? ಅದರ ಜೊತೆ ಮುಖವೂ ಬೆಳ್ಳಗಾದರೆ ಇನ್ನೂ ಒಳ್ಳೆಯದು.

ಉತ್ತರ: ಲ್ಯಾಬ್‌ನಲ್ಲಿ ಸಾಬೀತಾಗಿದೆ ಅನ್ನುವುದು ಸುಳ್ಳೇ ಇರಬೇಕಿಲ್ಲ. ಆದರೆ ಯಾವುದರ ಮೇಲೆ ಸಾಬೀತಾಯಿತು ಅಂತ ಕೇಳಿ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಬೇಕಾದರೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಅದರೊಳಗೆ ತಾಮ್ರ ಇರುತ್ತದೆ, ಆ ತಾಮ್ರ ಇಲ್ಲದಿದ್ದರೆ ಕೆಲಸ ನಡೆಯುವುದಿಲ್ಲ. ಅತಿಮಧುರದ ಬೇರಿನ ಗ್ಲಾಬ್ರಿಡಿನ್, ಬೇರ್‌ಬೆರಿ ಎಲೆಯ ಅರ್ಬ್ಯುಟಿನ್ ಇವೆಲ್ಲ ಈ ಕಿಣ್ವಕ್ಕೇ ಅಡ್ಡಗಾಲು ಹಾಕುತ್ತವೆ. ಸರಿ, ಆದರೆ ಇಂಥ ಪರೀಕ್ಷೆಗಳಲ್ಲಿ ಎಷ್ಟೋ ಸಲ ಬಳಸುವುದು ಅಣಬೆಯಿಂದ ತೆಗೆದ ಟೈರೋಸಿನೇಸ್, ಯಾಕೆಂದರೆ ಅದು ಸುಲಭವಾಗಿ ಸಿಗುತ್ತದೆ. ಮನುಷ್ಯರ ಕಿಣ್ವ ಅದರ ಹಾಗಿಲ್ಲ. ಅಣಬೆಯದನ್ನು ಚೆನ್ನಾಗಿ ತಡೆದ ವಸ್ತು ನಮ್ಮದರ ಮುಂದೆ ಸಪ್ಪೆಯಾಗುವುದು ಮಾಮೂಲಿ. ಅದೂ ಅಲ್ಲದೆ ಮೆಲನಿನ್ ಮಾಡುವ ಕೋಶಗಳು ಇರುವುದು ಚರ್ಮದ ಹೊರಪದರದ ತಳದಲ್ಲಿ, ಮೇಲೆ ಹಚ್ಚಿದ್ದು ಅಲ್ಲಿಗೆ ಇಳಿಯಬೇಕಲ್ಲ!

ಗಿಡದ್ದು ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ದಯವಿಟ್ಟು ನಂಬಬೇಡಿ. ಬರ್ಚ್‌ನಂಥ ಮರಗಳಲ್ಲಿ ಸಿಗುವ ರೋಡೋಡೆಂಡ್ರಾಲ್ ಎಂಬ ವಸ್ತುವನ್ನು ಜಪಾನಿನ ಕನೆಬೋ ಕಂಪನಿ ಶೇ. 2ರಷ್ಟು ಬೆರೆಸಿ, ಸರ್ಕಾರದ ಅನುಮತಿ ಪಡೆದೇ ಕ್ರೀಮು, ಲೋಷನ್ ಮಾರುತ್ತಿತ್ತು. ಹಚ್ಚಿಕೊಂಡವರ ಮುಖ, ಕತ್ತು, ಕೈಗಳ ಮೇಲೆ ತೊನ್ನಿನ ಹಾಗೆ ಬಿಳಿ ಮಚ್ಚೆಗಳು ಎದ್ದವು. 2013ರ ಜುಲೈನಲ್ಲಿ ಕಂಪನಿ ಎಲ್ಲವನ್ನೂ ವಾಪಸ್ ತರಿಸಿಕೊಂಡಿತು. ತೊಂದರೆಯಾದವರು 16 ಸಾವಿರಕ್ಕೂ ಜಾಸ್ತಿ. ಆಗಿದ್ದೇನೆಂದರೆ, ಟೈರೋಸಿನೇಸ್ ಆ ವಸ್ತುವನ್ನೇ ವಿಷವಾಗಿ ಬದಲಾಯಿಸಿತು, ಬಣ್ಣ ಮಾಡುವ ಕೋಶಗಳೇ ಸತ್ತವು. ಬಳಸುವುದನ್ನು ಬಿಟ್ಟ ಮೇಲೆ ಹಲವರಿಗೆ ಬಣ್ಣ ಮರಳಿತು, ಎಲ್ಲರಿಗೂ ಅಲ್ಲ.

ಅತಿಮಧುರದಿಂದ ಹೀಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅದು ಸೌಮ್ಯವಾದದ್ದೇ, ಬೇಕಿದ್ದರೆ ಮೊದಲು ಮೊಣಕೈ ಒಳಭಾಗಕ್ಕೆ ಕೆಲವು ದಿನ ಹಚ್ಚಿ, ತುರಿಕೆ ಇಲ್ಲದಿದ್ದರೆ ಮುಖಕ್ಕೆ ಬಳಸಿ, ಎರಡು ಮೂರು ತಿಂಗಳು ಕಾಯಿರಿ. ಆದರೆ ನಿಮ್ಮ ಬಂಗಿಗೆ ಅದಕ್ಕಿಂತ ಮುಖ್ಯವಾಗಿ ಬೇಕಾದದ್ದು ಸನ್‌ಸ್ಕ್ರೀನ್. ಬರೀ ಅಲ್ಟ್ರಾವಯಲೆಟ್ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಹಾಗಾಗಿ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ತೆಗೆದುಕೊಳ್ಳಿ, ಹೊರಗಿದ್ದಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಹೆರಿಗೆಯ ನಂತರ ಕೆಲವು ತಿಂಗಳಲ್ಲಿ ಎಷ್ಟೋ ಜನರಿಗೆ ಅದು ತಾನಾಗಿ ತಿಳಿಯಾಗುತ್ತದೆ. ಸುಮ್ನೆ ನಿಂಬೆರಸ ಮಾತ್ರ ಉಜ್ಜಬೇಡಿ, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗಿ ಕಪ್ಪು ಕಲೆ ಉಳಿಯುತ್ತದೆ.

ಇನ್ನು ಮುಖ ಪೂರ್ತಿ ಬೆಳ್ಳಗಾಗುವ ಆಸೆ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಬಣ್ಣ ಮಾಡುವ ಕೋಶಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಅವು ಎಷ್ಟು, ಯಾವ ಬಗೆಯ ಮೆಲನಿನ್ ಮಾಡುತ್ತವೆ ಎಂಬುದು ಹುಟ್ಟಿನಿಂದ ಬಂದದ್ದು. ಆ ಮೆಲನಿನ್ನೇ ನಿಮ್ಮನ್ನು ಬಿಸಿಲಿನಿಂದ ಕಾಯುತ್ತಿದೆ. ಕಲೆಗೆ ಚಿಕಿತ್ಸೆ ಮಾಡೋಣ, ನಿಮ್ಮ ಬಣ್ಣಕ್ಕೆ ಚಿಕಿತ್ಸೆ ಬೇಕಿಲ್ಲ.

ಪ್ರಶ್ನೆ: ‘ಹರ್ಬಲ್’ ಅಂತ ಬರೆದ ಕ್ರೀಮ್ ಹಚ್ಚಿದ ಒಂದೇ ವಾರಕ್ಕೆ ಬೆಳ್ಳಗಾದೆ. ನಿಲ್ಲಿಸಿದರೆ ಮುಖ ಕೆಂಪಾಗಿ ಉರಿಯುತ್ತದೆ. ಏನು ಮಾಡಲಿ?

ಉತ್ತರ: ಯಾವ ಗಿಡದ ಸಾರವೂ ಒಂದು ವಾರದಲ್ಲಿ ಹೀಗೆ ಮಾಡುವುದಿಲ್ಲ. ಅದರಲ್ಲಿ ಸ್ಟಿರಾಯ್ಡ್ ಇರುವ ಅನುಮಾನ ನನಗೆ ಬಲವಾಗಿದೆ, ಪಾದರಸವೂ ಇರಬಹುದು. ಸ್ಟಿರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಪಾದರಸ ಮೂತ್ರಪಿಂಡ ಕೆಡಿಸುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚಬೇಡಿ. ಡಬ್ಬಿ ಎಸೆಯದೆ ಈ ವಾರವೇ ಚರ್ಮದ ಡಾಕ್ಟರ್ ಹತ್ತಿರ ತೆಗೆದುಕೊಂಡು ಹೋಗಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ.